ದಪ್ಪಮೊಳೆಯೂ ಮೂಲಪಾಠವೂ

ಪಾಠಾಂತರಗಳ ನಿರ್ಣಯದಲ್ಲಿ ನಮ್ಮ ಗ್ರಂಥಸಂಪಾದಕರು ತೋರುವ ಎಚ್ಚರವು ಅಚ್ಚುಮೊಳೆಯ ಆಯ್ಕೆಯಲ್ಲಿ ಕಾಣಬರುವುದು ವಿರಳ. ತಾಳೆಯೋಲೆಯಲ್ಲಿ ಸೂತ್ರ, ವೃತ್ತಿ, ಪ್ರಯೋಗಗಳು ಒಂದೇ ಕಂಟದಿಂದ, ಒಂದೇ ಗಾತ್ರದಲ್ಲಿ, ಎಡೆಬಿಡದೆ ಸಾಗುತ್ತವೆ. ಅಚ್ಚಿನಲ್ಲಿ ಸೂತ್ರಕ್ಕೆ ದಪ್ಪಮೊಳೆ, ವೃತ್ತಿಗೆ ತೆಳುಮೊಳೆ ಎಂಬ ವಿಭಾಗ ಸಂಪಾದಕನದು, ಪ್ರತಿಯದಲ್ಲ. ಆದುದರಿಂದ ದಪ್ಪಮೊಳೆಯೂ ಒಂದು ಪಾಠನಿರ್ಣಯವೇ ಆಗಿದೆ.

ಕೋಶಗಳಲ್ಲಿ ಮುಖ್ಯಪದವನ್ನು ಎತ್ತಿ ತೋರುವ ದಪ್ಪಕ್ಷರಕ್ಕೆ ಪಾಶ್ಚಾತ್ಯ ಮುದ್ರಣದಲ್ಲಿ ಸ್ಪಷ್ಟ ಚರಿತ್ರೆಯಿದೆ. ಲಂಡನ್ನಿನ ರಾಬರ್ಟ್ ಬೆಸ್ಲಿಯು ೧೮೪೫ರಲ್ಲಿ ನೋಂದಾಯಿಸಿದ ಕ್ಲಾರೆಂಡನ್ ಅಕ್ಷರದ ಕಂಬಗಳಿಗೆ ತಲೆಯಲ್ಲೂ ಬುಡದಲ್ಲೂ ಚಪ್ಪಡಿಯಂಥ ಗಟ್ಟಿ ಪಟ್ಟಿಗಳಿವೆ. ಸಾಮಾನ್ಯ ಅಕ್ಷರದ ಸಾಲಿನಲ್ಲಿಯೇ ಕೂತು ಪದವನ್ನು ಎದ್ದುಕಾಣಿಸುವುದು ಅದರ ಉದ್ದೇಶ. ಕನ್ನಡಕ್ಕೆ ಇಂಥ ಪಟ್ಟಿಯಿಲ್ಲ, ತಲೆಕಟ್ಟು ಉಂಟು. ಅಲ್ಲದೆ ಓರೆ ಅಕ್ಷರದ ಸಂಪ್ರದಾಯ ನಮ್ಮಲ್ಲಿ ಬೇರೂರಿಲ್ಲವಾದ್ದರಿಂದ ಭೇದಸೂಚನೆಯ ಭಾರವೆಲ್ಲ ದಪ್ಪಮೊಳೆಯ ಮೇಲೆ ಬೀಳುತ್ತದೆ.

ಆ ಭಾರವನ್ನು ಅದು ಎಷ್ಟರಮಟ್ಟಿಗೆ ಹೊರಬಲ್ಲುದು? ದ–ಧ, ಡ–ಢ, ಪ–ಫ ಇವುಗಳ ಭೇದ ಅಡಿಯ ಒಂದು ಸಣ್ಣ ಗೀಟು. ರ–ಠಗಳ ಭೇದ ನಡುವಣ ಒಂದು ಬಿಂದು. ರೇಖೆ ದಪ್ಪವಾದಂತೆ ಒಳಬಯಲು ಕುಗ್ಗಿ ಮಸಿ ತುಂಬುತ್ತದೆ, ಧನವು ದನವಾಗುತ್ತದೆ. ಅಜ್ಜಂಪುರ ಸೀಮೆಯ ಅಂತರಘಟ್ಟೆಯ ಜಾತ್ರೆಯನ್ನು ಸಾರುವ ಭಿತ್ತಿಪತ್ರಕ್ಕೆ ದೂರದಿಂದ ಕಾಣುವ ದಪ್ಪಕ್ಷರ ಯುಕ್ತವೇ. ಊರು, ತಿಥಿಗಳು ತಿಳಿದರೆ ಅಲ್ಲಿ ಸಾಕು. ಗ್ರಂಥದ ಓದುಗನಾದರೋ ಅಕ್ಷರ ಅಕ್ಷರವನ್ನೂ ತೂಗುವವನು.

ಕೇಶಿರಾಜನ ‘ಶಬ್ದಮಣಿದರ್ಪಣ’ ಇದಕ್ಕೆ ಒರೆಗಲ್ಲು. ೧೮೭೨ರಲ್ಲಿ ಕಿಟ್ಟೆಲ್ ಅವರು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಅದನ್ನು ಹೊರತಂದರು. ರೞ, ಕುಳ, ಕ್ಷಳಗಳನ್ನು ವಿವೇಚಿಸುವ ಗ್ರಂಥಕ್ಕೆ ೞಕಾರದ ಮೊಳೆ ಅಲಂಕಾರವಲ್ಲ, ಪ್ರಮಾಣ. ತೆಳುಮೊಳೆಯಲ್ಲಿ ೞ ಇದ್ದು ದಪ್ಪಮೊಳೆಯಲ್ಲಿ ಇಲ್ಲವಾದರೆ, ವೃತ್ತಿ ಶುದ್ಧವಾಗಿ ಸೂತ್ರವೇ ಅಶುದ್ಧವಾಗುವ ವಿಪರ್ಯಾಸ ಒದಗುತ್ತದೆ.

ಗಣಕದ ಅಕ್ಷರಗಳಿಂದ ಈ ತೊಡಕು ತಾನಾಗಿ ನೀಗಿಲ್ಲ. ಯೂನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ ಪ್ರಮಾದದಿಂದ ‘ಫಾ’ ಎಂಬ ಹೆಸರು ಬಿದ್ದಿದೆ. ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದು, ತಿದ್ದುಪಡಿ ಪಕ್ಕದಲ್ಲಿ ಸೇರಿದೆ. ಅಕ್ಷರಕುಟುಂಬದಲ್ಲಿ ದಪ್ಪರೂಪವನ್ನು ಪ್ರತ್ಯೇಕವಾಗಿ ರಚಿಸಿರದಿದ್ದರೆ ಯಂತ್ರವು ತೆಳುರೂಪವನ್ನೇ ಉಬ್ಬಿಸುತ್ತದೆ. ಒಳಬಯಲು ಮತ್ತೆ ಮುಚ್ಚುತ್ತದೆ.

ಆದಕಾರಣ ಮೂಲವನ್ನು ದಪ್ಪಗೊಳಿಸುವುದಕ್ಕಿಂತ ತುಸು ದೊಡ್ಡ ಗಾತ್ರದಲ್ಲಿ, ಬಯಲುಳ್ಳ ಗಟ್ಟಿ ಅಕ್ಷರದಲ್ಲಿ ಮುದ್ರಿಸುವುದು ಲೇಸು. ಱ, ೞ ಎರಡು ತೂಕಗಳಲ್ಲಿಯೂ ಇರಬೇಕು. ಪ್ರಕ್ಷಿಪ್ತವೆಂದು ಶಂಕಿತವಾದ ಪದ್ಯಕ್ಕೆ ಸೂತ್ರದ ಮೊಳೆ ಸಲ್ಲದು. ಒಮ್ಮೆ ದಪ್ಪಕ್ಷರ ತೊಟ್ಟ ಪದ್ಯವನ್ನು ಮುಂದಿನ ಮುದ್ರಣಗಳು ಮೂಲವೆಂದೇ ಕೈಕೊಳ್ಳುತ್ತವೆ. ಯಾವ ಮೊಳೆ ಯಾವ ಸ್ತರಕ್ಕೆ, ಅದಕ್ಕೆ ಪ್ರತಿಯ ಆಧಾರವೇನು ಎಂಬುದನ್ನು ಪೀಠಿಕೆಯಲ್ಲಿ ಹೇಳುವುದು ಸಂಪಾದಕನ ಕರ್ತವ್ಯ.