ಮಿತಾಕ್ಷರೆಯೂ ಮಿದುಳಿನ ಚಿತ್ರವೂ

ಮಿತಾಕ್ಷರೆಯ ಹೆಸರು ಕಿವಿಗೆ ಬಿದ್ದೊಡನೆ ಆಸ್ತಿಯ ಪಾಲುಪಾರೀಕತ್ತಿನ ಮಾತೇ ನಮ್ಮವರ ನೆನಪಿಗೆ ಬರುವುದು ವಾಡಿಕೆಯಾಗಿದೆ. 1810ರಲ್ಲಿ ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸರು ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ಪರಿವರ್ತಿಸಿದಂದಿನಿಂದ ಆ ಭಾಗಕ್ಕೆ ಬಂದ ಪ್ರಸಿದ್ಧಿಯು ಗ್ರಂಥದ ಉಳಿದ ಭಾಗಗಳಿಗೆ ಬಾರದೆ ಹೋಯಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬಸವಕಲ್ಯಾಣವೆನಿಸಿರುವ ಕಲ್ಯಾಣಪಟ್ಟಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಈ ವ್ಯಾಖ್ಯಾನದ ವ್ಯವಹಾರಾಧ್ಯಾಯದಲ್ಲಿ ಸುಳ್ಳು ಹೇಳುವವನ ಲಕ್ಷಣಗಳನ್ನು ಕುರಿತ ಒಂದು ಚಿಕ್ಕ ಚರ್ಚೆಯಿದೆ. ಮಿದುಳಿನ ಚಿತ್ರವನ್ನು ತೆಗೆದು ಸುಳ್ಳನ್ನು ಹಿಡಿಯುತ್ತೇವೆಂದು ಹೇಳುವ ಈ ಕಾಲದಲ್ಲಿ ಆ ಚರ್ಚೆಯನ್ನು ವಾಚಕರ ಮುಂದಿಟ್ಟು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಮೂಲದ ಶ್ಲೋಕಗಳ ತಾತ್ಪರ್ಯವಿಷ್ಟು: ನಿಂತಲ್ಲಿ ನಿಲ್ಲದವನು, ತುಟಿಯಂಚನ್ನು ನೆಕ್ಕುವವನು, ಹಣೆ ಬೆವರುವವನು, ಮುಖದ ಬಣ್ಣಗೆಡುವವನು, ಬಾಯೊಣಗಿ ತೊದಲುವವನು, ಪೂರ್ವಾಪರ ವಿರುದ್ಧವಾಗಿ ಮಾತಾಡುವವನು—ಇಂಥವನು ವಾದದಲ್ಲಾಗಲಿ ಸಾಕ್ಷ್ಯದಲ್ಲಾಗಲಿ ದುಷ್ಟನೆನಿಸುವನು. ಸಾಮಾನ್ಯ ವ್ಯಾಖ್ಯಾನಕಾರನಾಗಿದ್ದರೆ ಶಬ್ದಾರ್ಥವನ್ನು ಬಿಡಿಸಿ ಮುಂದೆ ಸಾಗುತ್ತಿದ್ದನು. ವಿಜ್ಞಾನೇಶ್ವರನು ಹಾಗೆ ಮಾಡಲಿಲ್ಲ. ಇವೆಲ್ಲ ದೋಷದ ಸಂಭಾವನೆಯನ್ನು ತಿಳಿಸುವುವೇ ಹೊರತು ನಿಶ್ಚಯವನ್ನಲ್ಲ ಎಂದು ಮೊದಲು ಎಲ್ಲೆಕಟ್ಟುತ್ತಾನೆ. ಸ್ವಭಾವದಿಂದ ಬಂದ ವಿಕಾರ ಯಾವುದು, ನಿಮಿತ್ತದಿಂದ ಬಂದದ್ದು ಯಾವುದು ಎಂಬ ವಿವೇಕವು ದುಸ್ಸಾಧ್ಯವೆಂಬುದು ಅವನು ಕೊಡುವ ಕಾರಣ. ಇಷ್ಟಕ್ಕೂ ನಿಲ್ಲದೆ, ಯಾವನೋ ನಿಪುಣಮತಿಯು ಅದನ್ನು ವಿಂಗಡಿಸಬಲ್ಲನೆಂದೇ ಒಪ್ಪಿಕೊಂಡರೂ, ಅಷ್ಟರಿಂದ ಸೋಲಿನ ತೀರ್ಪನ್ನು ಕೊಡಲಾಗದು ಎನ್ನುತ್ತಾನೆ. ಇದಕ್ಕೆ ಅವನು ಕೊಡುವ ದೃಷ್ಟಾಂತವು ಅಪೂರ್ವವಾದುದು: ಮರಣಚಿಹ್ನೆಗಳು ಕಂಡುವೆಂದು ಬದುಕಿರುವವನಿಗೆ ಯಾರೂ ಉತ್ತರಕ್ರಿಯೆಯನ್ನು ಮಾಡುವುದಿಲ್ಲವಷ್ಟೆ.

ಇನ್ನು ಇಂದಿನ ಯಂತ್ರವನ್ನು ನೋಡೋಣ. ಮಿದುಳಿನ ಯಾವ ಭಾಗವು ಕೆಲಸದಲ್ಲಿ ತೊಡಗುವುದೋ ಅಲ್ಲಿಗೆ ಆಮ್ಲಜನಕಯುಕ್ತವಾದ ರಕ್ತವು ಹೆಚ್ಚಾಗಿ ಹರಿಯುತ್ತದೆ. ಎಂ.ಆರ್.ಐ. ಯಂತ್ರವು ಕಾಂತಶಕ್ತಿಯ ಮೂಲಕ ಈ ವ್ಯತ್ಯಾಸವನ್ನು ಅಳೆದು ಚಿತ್ರವಾಗಿ ತೋರಿಸುತ್ತದೆ. ನಿಜವನ್ನು ಅದುಮಿ ಸುಳ್ಳನ್ನು ಹೇಳುವಾಗ ಹಣೆಯ ಹಿಂದಿನ ಭಾಗಕ್ಕೆ ಶ್ರಮ ಹೆಚ್ಚು. ಆದಕಾರಣ ಅಲ್ಲಿ ರಕ್ತವು ಹೆಚ್ಚಿದ್ದರೆ ಸುಳ್ಳೆಂದು ತಿಳಿಯಬಹುದು ಎಂಬುದು ವಾದ. ತರ್ಕಸಂಗ್ರಹವನ್ನು ಓದಿದ ಬಾಲಕನೂ ಇಲ್ಲಿಯ ದೋಷವನ್ನು ಕಂಡುಹಿಡಿಯಬಲ್ಲನು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ, ಅದಕ್ಕೆ ಹಸಿ ಸೌದೆಯೆಂಬ ಉಪಾಧಿ ಬೇಕು. ಹಾಗೆಯೇ ಸುಳ್ಳಿನಲ್ಲಿ ಮನಸ್ಸಿನ ಶ್ರಮವುಂಟೆಂದು ಒಪ್ಪಿದರೂ, ಶ್ರಮವಿದ್ದಲ್ಲೆಲ್ಲ ಸುಳ್ಳುಂಟೆಂದಾಗದು. ಭಯಪಟ್ಟವನಿಗೂ, ಮರೆತುದನ್ನು ನೆನೆಯುವವನಿಗೂ, ಮನಸ್ಸಿನಲ್ಲಿಯೇ ಲೆಕ್ಕ ಮಾಡುವವನಿಗೂ ಅದೇ ಶ್ರಮ. ಇದು ಸವ್ಯಭಿಚಾರವೆಂಬ ಹೇತ್ವಾಭಾಸ.

ಪ್ರಯೋಗವೂ ಇದನ್ನೇ ಸಾರುತ್ತದೆ. ತಮ್ಮ ಜನ್ಮದಿನವನ್ನು ಬಚ್ಚಿಟ್ಟವರನ್ನು ಈ ಯಂತ್ರದಲ್ಲಿ ಪರೀಕ್ಷಿಸಿದ ವಿಜ್ಞಾನಿಗಳ ಫಲಿತಾಂಶವು 2011ರಲ್ಲಿ ಪ್ರಕಟವಾಯಿತು. ಮೊದಲು ನೂರಕ್ಕೆ ನೂರರಷ್ಟು ನಿಜವಾದ ನಿರ್ಣಯವು, ಅದೇ ಜನರು ಬೇರೆ ತಾರೀಖುಗಳನ್ನು ಕಂಡಾಗ ಯಾರಿಗೂ ಕಾಣದಂತೆ ಬೆರಳನ್ನು ಅಲುಗಿಸುವ ಉಪಾಯವನ್ನು ಕಲಿತೊಡನೆ ನೂರಕ್ಕೆ 33ಕ್ಕೆ ಇಳಿಯಿತು. ಅಮೆರಿಕದ ಟೆನೆಸ್ಸಿ ಪ್ರಾಂತದ ಒಂದು ಮೊಕದ್ದಮೆಯಲ್ಲಿ ಆಪಾದಿತನು ತನ್ನ ನಿರ್ದೋಷಿತ್ವಕ್ಕೆ ಇಂಥ ಚಿತ್ರಗಳನ್ನು ಮುಂದಿಟ್ಟಾಗ ನ್ಯಾಯಾಲಯವು 2010ರಲ್ಲಿ ಅವನ್ನು ಸ್ವೀಕರಿಸಲಿಲ್ಲ. 2012ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ನಮ್ಮ ದೇಶದಲ್ಲಿ ಹೆಚ್ಚು ಬಳಕೆಗೆ ಬಂದದ್ದು ಬೇರೊಂದು ಬಗೆ. ತಲೆಗೆ ವಿದ್ಯುದಗ್ರಗಳನ್ನು ಜೋಡಿಸಿ, ಆಪಾದಿತನ ಮುಂದೆ ಅಪರಾಧದ ವಿವರಗಳನ್ನು ಒಂದೊಂದಾಗಿ ಓದಿ, ಅವು ಅವನ ಸ್ವಾನುಭವದಲ್ಲಿ ಇವೆಯೋ ಇಲ್ಲವೋ ಎಂದು ಮಿದುಳಿನ ವಿದ್ಯುತ್ತರಂಗಗಳಿಂದ ನಿರ್ಣಯಿಸುವುದು. ಇದನ್ನು ರೂಪಿಸಿದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಹಿಂದೆ ಪ್ರಾಧ್ಯಾಪಕರಾಗಿದ್ದ ಮನಶ್ಶಾಸ್ತ್ರಜ್ಞರು. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆಯ ಆಪಾದನೆಗೊಳಗಾದ ತರುಣಿಯೊಬ್ಬಳಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸುವಾಗ ಈ ಪರೀಕ್ಷೆಯ ಫಲವನ್ನೂ ಆಧಾರವಾಗಿ ತೆಗೆದುಕೊಂಡಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ಅಧ್ಯಕ್ಷತೆಯ ತಜ್ಞಸಮಿತಿಯು ಈ ಪದ್ಧತಿಗೆ ಶಾಸ್ತ್ರೀಯ ಆಧಾರವಿಲ್ಲವೆಂದು ಅಭಿಪ್ರಾಯಪಟ್ಟಿತು. ಸ್ವತಃ ಕಂಡದ್ದಕ್ಕೂ, ಠಾಣೆಯಲ್ಲಿ ಹತ್ತಾರು ಸಲ ಕೇಳಿ ಮನಸ್ಸಿನಲ್ಲಿ ಅಚ್ಚೊತ್ತಿದ್ದಕ್ಕೂ ಭೇದವನ್ನು ತರಂಗವು ಹೇಗೆ ತಿಳಿಸೀತು?

2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಪ್ರಕರಣದಲ್ಲಿ ದೀರ್ಘವಾದ ತೀರ್ಪನ್ನಿತ್ತಿತು. ನಾರ್ಕೋ, ಪಾಲಿಗ್ರಾಫ್, ಮಿದುಳಿನ ಪರೀಕ್ಷೆ—ಇವುಗಳಿಗೆ ಯಾರನ್ನೂ ಬಲಾತ್ಕಾರದಿಂದ ಗುರಿಪಡಿಸಕೂಡದೆಂದೂ, ಒಪ್ಪಿಗೆಯಿಂದ ನಡೆದರೂ ಅದರ ಫಲವು ತಾನಾಗಿಯೇ ಸಾಕ್ಷ್ಯವಾಗದೆಂದೂ ಅದು ವಿಧಿಸಿತು. ಪರೀಕ್ಷೆಗಳ ವಿಶ್ವಾಸಾರ್ಹತೆಯನ್ನೂ ಆ ತೀರ್ಪು ವಿಸ್ತಾರವಾಗಿ ಚರ್ಚಿಸಿದೆ. ಅದರ ಶ್ರದ್ಧೆಯನ್ನು ಮೆಚ್ಚಲೇಬೇಕು. ಆದರೂ ಒಂದು ಕೊರತೆ ಕಾಣುತ್ತದೆ. ಅದರ ಮುಖ್ಯ ಆಧಾರವು ಒಪ್ಪಿಗೆ, ಮಿತಾಕ್ಷರೆಯದು ನಿಶ್ಚಯ. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಸಹಾಯದಿಂದ ಮುಂದೆ ದೊರೆತ ವಸ್ತುವನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ತೀರ್ಪು ಅವಕಾಶವಿತ್ತಿದೆ. ಮುಂಬಾಗಿಲನ್ನು ಭದ್ರಪಡಿಸಿ ಹಿತ್ತಿಲ ಬಾಗಿಲನ್ನು ಓರೆಯಾಗಿ ಬಿಟ್ಟಂತಾಯಿತು. ವಕೀಲರ ಸಲಹೆ ದೊರೆತು, ಮ್ಯಾಜಿಸ್ಟ್ರೇಟರ ಮುಂದೆಯೇ ಒಪ್ಪಿಗೆಯು ದಾಖಲಾದರೂ, ಬಂಧನದಲ್ಲಿರುವ ಬಡವನಿಗೆ ಅದು ಎಷ್ಟರಮಟ್ಟಿಗೆ ಸ್ವಂತದ್ದು? ಒಲ್ಲೆನೆಂದರೆ, ಆ ಒಲ್ಲೆನೆಂಬ ಮಾತೇ ಜನರ ಕಣ್ಣಿಗೆ ತುಟಿ ನೆಕ್ಕುವಂಥ ಇನ್ನೊಂದು ಲಕ್ಷಣವಾಗುವುದಿಲ್ಲವೆ?

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳತಕ್ಕದ್ದಿದೆ. ಇದೇ ಗ್ರಂಥವು ತುಲೆ, ಅಗ್ನಿ, ಜಲ, ವಿಷ, ಕೋಶವೆಂಬ ದಿವ್ಯಗಳನ್ನೂ ಒಪ್ಪಿದೆಯಲ್ಲವೆ? ನಿಜ. ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತೆಂದು ಸಾಧಿಸುವ ಹಂಬಲ ನಮಗಿಲ್ಲ. ಕಾದ ಕಬ್ಬಿಣವನ್ನು ಹಿಡಿಯಿಸುವ ವಿಧಿಯನ್ನು ಯಾರೂ ಮರಳಿ ಬೇಡುವುದಿಲ್ಲ. ಆದರೆ ದಿವ್ಯವು ತನ್ನನ್ನು ದಿವ್ಯವೆಂದೇ ಕರೆದುಕೊಂಡಿತ್ತು. ಇಂದಿನ ಪರೀಕ್ಷೆಯು ಅನುಮಾನಪ್ರಮಾಣದ ವೇಷವನ್ನು ಧರಿಸಿ, ಪ್ರಶ್ನಿಸಲಾಗದ ದಿವ್ಯದ ಗೌರವವನ್ನು ಬಯಸುತ್ತದೆ. ಅದೇ ಅಪಾಯ.

ನಾಲ್ಕು ದಶಕ ಹುಡುಗರ ಮುಖಗಳನ್ನು ನೋಡಿದ ಉಪಾಧ್ಯಾಯನಿಗೆ ಒಂದು ಮಾತು ಹೇಳುವ ಅಧಿಕಾರವಿರಬಹುದು. ತರಗತಿಯಲ್ಲಿ ಬಳಪ ಕಳೆದಾಗ ಮೊದಲು ಬೆವರುವವನು ಕದ್ದವನೇ ಆಗಿರಬೇಕಿಲ್ಲ. ಹಿಂದೆಂದೋ ಸುಮ್ಮನೆ ಪೆಟ್ಟು ತಿಂದವನೂ ಬೆವರುವನು. ಮನೆಗಳಲ್ಲಿ ತಾಯ್ತಂದೆಗಳೂ ಇದನ್ನು ಬಲ್ಲರು. ಮುಖದಲ್ಲಿ ಕಂಡ ವಿಕಾರಕ್ಕೆ ಸಲ್ಲುವ ಈ ಎಚ್ಚರವು ಮಿದುಳಿನಲ್ಲಿ ಕಂಡ ವಿಕಾರಕ್ಕೂ ಸಲ್ಲಬೇಕು. ಚರ್ಮದ ಒಳಗೆ ಕಂಡಿತೆಂಬ ಮಾತ್ರಕ್ಕೆ ಚಿಹ್ನೆಯು ಪ್ರಮಾಣವಾಗದು. ನಮ್ಮ ಕಾನೂನು ವಿದ್ಯಾರ್ಥಿಗಳು ದಾಯವಿಭಾಗದ ಜೊತೆಗೆ ಮಿತಾಕ್ಷರೆಯ ಈ ನಾಲ್ಕಾರು ಪಂಕ್ತಿಗಳನ್ನೂ ಓದಿಕೊಳ್ಳುವುದು ಒಳ್ಳೆಯದು. ಮುಂದೆ ಅವರಲ್ಲಿ ಯಾರಾದರೂ ನ್ಯಾಯಪೀಠದಲ್ಲಿ ಕುಳಿತಾಗ, ಎದುರಿಗೆ ಬಣ್ಣಬಣ್ಣದ ಚಿತ್ರವನ್ನು ತಂದಿಟ್ಟರೆ, ಉತ್ತರಕ್ರಿಯೆಯ ಆ ದೃಷ್ಟಾಂತವು ಅವರಿಗೆ ನೆನಪಾಗಲಿ.