ಬಾಲಪ್ರತಿಭೆಯ ಮುಂದಿನ ದಾರಿ



ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ, ನಮ್ಮ ಮನೆಯ ಮಗುವೊಂದು ಕೇಳಿದ ಹಾಡನ್ನು ಕೀಬೋರ್ಡಿನಲ್ಲಿ ಒಡನೆಯೇ ನುಡಿಸಿತೆಂದರೆ ನಾವು ಹಿಗ್ಗುತ್ತೇವೆ. ಮರುದಿನವೇ ಅದನ್ನು ಯಾವ ವೇದಿಕೆ ಹತ್ತಿಸಬೇಕೆಂಬ ಯೋಚನೆ ಹತ್ತುತ್ತದೆ. ಹಿಗ್ಗು ತಪ್ಪಲ್ಲ, ಆತುರವನ್ನು ಮಾತ್ರ ಪರೀಕ್ಷಿಸಬೇಕು. ಅದಕ್ಕೆ ರಾಯಚೂರಿನ ನಂಟುಳ್ಳ ಒಂದು ಬದುಕು ನಮ್ಮೆದುರಿಗಿದೆ.

ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ, ಬಳಿಕ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮವನ್ನು ನಡೆಸಿದ ಪಂಡಿತ ತಾರಾನಾಥರನ್ನು ನೀವು ಬಲ್ಲಿರಿ. ಅವರ ಮಗ ರಾಜೀವ ತಾರಾನಾಥರು ಹುಟ್ಟಿದ್ದು 1932ರ ಅಕ್ಟೋಬರ್ 17ರಂದು. ತಂದೆಯೇ ಮೊದಲ ಸಂಗೀತಗುರು. ಹತ್ತು ವರ್ಷ ತುಂಬುವ ಮೊದಲೇ ಬಾಲಕ ವೇದಿಕೆಯಲ್ಲಿ ಹಾಡಿದ್ದ. 1942ರಲ್ಲಿ ತಂದೆ ತೀರಿಕೊಂಡರು. ಹಾಡುವ ಕಂಠವಿತ್ತು, ಮೆಚ್ಚುವ ಜನರಿದ್ದರು. ಅದೇ ಹಾದಿಯಲ್ಲಿ ನಡೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಆದರೆ ಇಪ್ಪತ್ತರ ಆಸುಪಾಸಿನಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ಕೇಳಿದ ತರುಣ, ಬಲ್ಲ ವಿದ್ಯೆಯನ್ನು ಬದಿಗಿಟ್ಟು ಅರಿಯದ ವಾದ್ಯಕ್ಕೆ ಶಿಷ್ಯನಾದ. ಕಲಿಯಲು ಕಲ್ಕತ್ತೆಗೆ ಹೋದ. ಈ ನಿರ್ಧಾರದ ಭಾರವನ್ನು ಗಮನಿಸಿ. ಕೀಬೋರ್ಡಿನಲ್ಲಿ ಮನೆಯನ್ನು ಒತ್ತಿದರೆ ಸ್ವರ ಸಿದ್ಧವಾಗಿಯೇ ಹೊರಡುತ್ತದೆ. ಸರೋದಿಗೆ ವೀಣೆಯಂತೆ ಮೆಟ್ಟಿಲುಗಳೂ ಇಲ್ಲ. ನುಣುಪಾದ ಉಕ್ಕಿನ ಫಲಕದ ಮೇಲೆ ಎಡಗೈಯ ಉಗುರಿನಿಂದ ತಂತಿಯನ್ನು ಒತ್ತಿ, ಸ್ವರದ ನೆಲೆಯನ್ನು ಕಿವಿಯೇ ಹುಡುಕಬೇಕು. ಚಪ್ಪಾಳೆ ಕಂಡವನು ಮತ್ತೆ ತಪ್ಪು ಸ್ವರ ನುಡಿಸಲು ಒಪ್ಪುವುದು ಸುಲಭದ ತ್ಯಾಗವಲ್ಲ.

ಫಲ ಅವರ ಆಲಾಪದಲ್ಲಿ ಕೇಳಿಸುತ್ತದೆ. ಮೀಟಿದೊಡನೆ ಕ್ಷೀಣಿಸತೊಡಗುವ ನಾದವನ್ನು ಅವರು ಮೀಂಡಿನಿಂದ ಮುಂದಿನ ಸ್ವರಕ್ಕೆ ಒಯ್ಯುವಾಗ, ಬಿಟ್ಟುಬಂದ ಕಂಠವೇ ತಂತಿಯಲ್ಲಿ ಮರಳಿ ಹಾಡಿದಂತಿರುತ್ತದೆ. ವೇಗಕ್ಕಿಂತ ವಿಸ್ತಾರವನ್ನು ನೆಚ್ಚಿದ ವಾದನವಿದು; ಕೂಡಲೇ ರಂಜನೆ ಬಯಸುವವರಿಗೆ ಇದು ನಿಧಾನವೆನಿಸೀತು. ಅದನ್ನು ಕೊರತೆಯೆನ್ನಲಾರೆ. ತಾಳ್ಮೆಯಿಂದ ಕಲಿತದ್ದನ್ನು ತಾಳ್ಮೆಯಿಂದಲೇ ಕೇಳಬೇಕಾಗುತ್ತದೆ.

ಅವರು ಸಂಗೀತವೊಂದನ್ನೇ ಹಿಡಿದು ಕುಳಿತವರೂ ಅಲ್ಲ. ಟಿ. ಎಸ್. ಎಲಿಯಟ್‌ನ ಕಾವ್ಯದ ಮೇಲೆ ಡಾಕ್ಟರೇಟ್ ಪಡೆದು ಇಂಗ್ಲಿಷ್ ಬೋಧಿಸಿದರು, ಕನ್ನಡದ ನವ್ಯ ಸಾಹಿತ್ಯವನ್ನು ವಿಮರ್ಶಿಸಿದರು, 1970ರ ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ನೀಡಿದರು. 1995ರಿಂದ 2005ರವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾ ಕಲಾ ಸಂಸ್ಥೆಯಲ್ಲಿ ಗುರುವಾಗಿದ್ದರು. ಸ್ವತಃ ಗುರುವಾದ ಮೇಲೂ ತಮ್ಮನ್ನು ಅಲಿ ಅಕ್ಬರ್ ಖಾನರ ಶಿಷ್ಯರೆಂದೇ ಕಂಡುಕೊಂಡರು. ಪದ್ಮಶ್ರೀ ಬಂದದ್ದು 2019ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ. 2024ರ ಜೂನ್ 11ರಂದು ಮೈಸೂರಿನಲ್ಲಿ ನಿಧನರಾದರು.

ಒಂಬತ್ತರ ಹುಡುಗನ ಪ್ರತಿಭೆ ನಿಜವೇ. ಆದರೆ ನಾವಿಂದು ಅವರನ್ನು ನೆನೆಯುವುದು ಆ ಹುಡುಗ ಹಾಡಿದ್ದಕ್ಕಲ್ಲ, ಬೆಳೆದ ಮೇಲೆ ಮತ್ತೆ ಮೊದಲಿನಿಂದ ಕಲಿತದ್ದಕ್ಕೆ. ಎಲ್ಲ ಮಕ್ಕಳೂ ಅಷ್ಟೆತ್ತರಕ್ಕೆ ಏರಲಾರರು, ಏರಲೇಬೇಕೆಂದೂ ಇಲ್ಲ. ಆದರೆ ನಿಮ್ಮ ಮಗು ನಾಳೆ ಬಹುಮಾನದ ವಿದ್ಯೆಯನ್ನು ಬಿಟ್ಟು ಹೊಸತೊಂದರ ಮುಂದೆ ತಡವರಿಸುತ್ತ ಕುಳಿತರೆ, ಅದನ್ನು ಸೋಲೆಂದು ಕರೆಯುವ ಮೊದಲು ಒಂದಿಷ್ಟು ಹೊತ್ತು ಪಕ್ಕದಲ್ಲಿ ಕುಳಿತು ಕೇಳುವಿರಾ?