ಹೊಳೆಯುವ ಕಲ್ಲಿಗೆ ನೆರಳಿನ ಆಸರೆ

ಪಂಚಾಯತನ ಪೂಜೆಯನ್ನು ಮನೆತನದ ಆಚಾರವಾಗಿ ಉಳಿಸಿಕೊಂಡು ಬಂದ ಕುಟುಂಬಗಳಲ್ಲಿ ದೇವರ ಸಂಪುಟವನ್ನು ಸಮೀಪದಿಂದ ನೋಡುವ ಅವಕಾಶ ದೊರೆತವರಿಗೆ, ಭಕ್ತಿಗೆ ಯಾವ ಕುಂದೂ ಬಾರದಂತೆ ಇನ್ನೊಂದು ಸಂಗತಿಯೂ ಗೋಚರವಾಗದಿರದು: ಕಲ್ಲನ್ನು ಆರಿಸಿ ತಂದು, ಜೋಪಾನ ಮಾಡಿ, ಅದರ ನುಣುಪನ್ನೂ ವರ್ಣವನ್ನೂ ರೇಖೆಯನ್ನೂ ಕಣ್ಣಿಟ್ಟು ನೋಡುವ ಅಭಿರುಚಿ ನಮ್ಮಲ್ಲಿ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ವಿಷ್ಣುವಿಗೆ ಗಂಡಕಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಶೋಣನದದ ಕೆಂಗಲ್ಲು, ಅಂಬಿಕೆಗೆ ಸ್ವರ್ಣಮುಖಿಯ ಶಿಲೆ, ಸೂರ್ಯನಿಗೆ ವಲ್ಲಂ ಊರಿನ ಸ್ಫಟಿಕ ಎಂದು ಪ್ರತಿಯೊಂದು ಕಲ್ಲಿಗೂ ಅದರ ಹುಟ್ಟೂರನ್ನು ನಿಯಮಿಸಿಟ್ಟ ನಮ್ಮ ಹಿರಿಯರು, ಶಿಲಾಸಂಗ್ರಹದ ಪ್ರಥಮ ಸೂತ್ರವನ್ನೂ ಅದರೊಡನೆಯೇ ಹೇಳಿಟ್ಟರು. ಎಲ್ಲಿಂದ ಬಂದಿತೆಂಬುದು ತಿಳಿಯದ ಕಲ್ಲಿಗೆ ಪೂಜೆಯಲ್ಲಾಗಲಿ ಸಂಗ್ರಹದಲ್ಲಾಗಲಿ ಸ್ಥಾನವಿಲ್ಲ.

ಮುಂಬಯಿಯಲ್ಲಿ ನೆಲಸಿದ ಶಿಲಾರಸಿಕನಾದರೋ ಗಂಡಕಿಯವರೆಗೆ ಹೋಗಬೇಕಾದುದಿಲ್ಲ. ಈ ನಗರವೇ ಲಾವಾರಸದ ಮೇಲೆ ನಿಂತಿರುವುದಷ್ಟೆ. ಅಂಧೇರಿಯ ಪಶ್ಚಿಮದಲ್ಲಿ, ಬಹುಮಹಡಿಯ ಕಟ್ಟಡಗಳ ಮುತ್ತಿಗೆಯ ನಡುವೆ ಸುಮಾರು 200 ಅಡಿ ಎತ್ತರಕ್ಕೆ ನೆಟ್ಟಗೆ ನಿಂತಿರುವ ಗಿಲ್ಬರ್ಟ್ ಹಿಲ್, ಆರು ಕೋಟಿ ವರ್ಷಗಳಿಗೂ ಹಿಂದೆ ಕರಗಿ ಹರಿದು ಕಂಬಕಂಬವಾಗಿ ಹೆಪ್ಪುಗಟ್ಟಿದ ಕಪ್ಪು ಬಸಾಲ್ಟ್ ಶಿಲೆ. 2007ರಲ್ಲಿ ಮಹಾನಗರಪಾಲಿಕೆ ಅದನ್ನು ಪಾರಂಪರಿಕ ತಾಣವೆಂದು ಘೋಷಿಸಿತು. ಆ ಲಾವಾ ಆರುವಾಗ ಅದರೊಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಪೊಳ್ಳುಗಳಾಗಿ ಉಳಿದು, ಅವುಗಳೊಳಕ್ಕೆ ಯುಗಯುಗಗಳ ಕಾಲ ಜಿನುಗಿದ ಖನಿಜಜಲ ಒಂದೆಡೆ ಪದರಪದರವಾದ ಅಗೇಟನ್ನೂ, ಇನ್ನೊಂದೆಡೆ ಬೆಣಚಿನ ಹರಳನ್ನೂ, ಮತ್ತೊಂದೆಡೆ ಜಿಯೊಲೈಟ್ ಎಂಬ ಸುಕುಮಾರ ಸ್ಫಟಿಕಗಳ ಕುಲವನ್ನೂ ಇರಿಸಿಹೋಯಿತು. 1863ರಲ್ಲಿ ಭೋರ್ ಘಾಟಿಯ ರೈಲುಮಾರ್ಗ ಪೂರ್ತಿಯಾಗುವುದಕ್ಕೆ ಮುನ್ನ ಅಲ್ಲಿನ ಬಂಡೆಯನ್ನು ಸೀಳಿದಾಗ ಹೊರಬಿದ್ದ ಹರಳುಗಳೂ, ಕಾಂದಿವಲಿಯ ಹಿಂದಿನ ಕಲ್ಲುಗಣಿಯ ಪ್ರೀನೈಟ್, ಗೈರೊಲೈಟ್‌ಗಳೂ ದೇಶಾಂತರದ ಸಂಗ್ರಹಾಲಯಗಳನ್ನು ಸೇರಿ ಮುಂಬಯಿಯ ಹೆಸರನ್ನು ಅಲ್ಲಿ ಉಳಿಸಿವೆ. ಇದೇ ದಖ್ಖನ್ ಬಸಾಲ್ಟನ್ನು ಸವೆಸುತ್ತ ಬರುವ ಕೃಷ್ಣೆಯೂ ಭೀಮೆಯೂ ಅಗೇಟಿನ ಉರುಟುಗಲ್ಲುಗಳನ್ನು ಹೊತ್ತು ನಮ್ಮ ವಿಜಯಪುರ, ಕಲಬುರಗಿಗಳ ಕಡೆಗೂ ತಂದು ಹಾಕುತ್ತವೆ. ಇಷ್ಟನ್ನು ಹೇಳಿದ ಮೇಲೆ ಒಂದು ನಿಷೇಧವನ್ನೂ ಹೇಳಬೇಕು: ಬೋರಿವಲಿಯ ರಾಷ್ಟ್ರೀಯ ಉದ್ಯಾನದಿಂದಾಗಲಿ ಗಿಲ್ಬರ್ಟ್ ಹಿಲ್‌ನಿಂದಾಗಲಿ ಒಂದು ಚೂರನ್ನೂ ಎತ್ತತಕ್ಕದ್ದಲ್ಲ.

ಹೀಗೆ ಕೂಡಿಸಿದ ಕಲ್ಲನ್ನು ಉರುಳಿಸಿ ನುಣುಪುಗೊಳಿಸುವ ವಿದ್ಯೆ ಪಶ್ಚಿಮದಿಂದ ಬಂದ ಯಂತ್ರದೊಡನೆ ಬಂದಿತೆಂದು ತಿಳಿದವರು ಖಂಭಾತಿನ ಕುಶಲಕರ್ಮಿಗಳನ್ನು ಮರೆತಿದ್ದಾರೆ. ಭರೂಚ್ ಸೀಮೆಯ ರತನ್‌ಪುರದ ಗಣಿಗಳಿಂದ ಬರುವ ಅಗೇಟನ್ನು ಬೂದಿಯೊಳಗೆ ಹದವಾಗಿ ಕಾಯಿಸಿ, ಅದರಲ್ಲಿನ ಕಬ್ಬಿಣದ ಅಂಶ ಕೆಂಪೇರುವಂತೆ ಮಾಡಿ, ಕೊಂಬಿನ ಸುತ್ತಿಗೆಯಿಂದ ಚಕ್ಕೆ ತೆಗೆದು, ಕುರುಂದದ ಪುಡಿಯೊಡನೆ ಚರ್ಮದ ಚೀಲದಲ್ಲಿ ತುಂಬಿ, ಇಬ್ಬರು ಎದುರುಬದುರು ಕುಳಿತು ದಿನಗಟ್ಟಲೆ ಅತ್ತಿತ್ತ ಉರುಳಿಸಿ ಮೆರುಗು ತರುತ್ತಿದ್ದ ಅವರ ಕ್ರಮಕ್ಕೂ, ಇಂದು ನಮ್ಮ ಬಾಲ್ಕನಿಯ ಮೂಲೆಯಲ್ಲಿ ಗೊರಗುಟ್ಟುವ ಟಂಬ್ಲರ್ ಎಂಬ ರಬ್ಬರಿನ ಪೀಪಾಯಿಗೂ ತತ್ತ್ವದಲ್ಲಿ ಭೇದವಿಲ್ಲ. ಪೀಪಾಯಿಯ ಮೂರರಲ್ಲಿ ಎರಡು ಪಾಲಿಗೆ ಮಿಕ್ಕಿ ಕಲ್ಲು, ಕಲ್ಲಿನ ಮಟ್ಟಕ್ಕಿಂತ ತುಸು ಕೆಳಗೆ ನೀರು, ಮೊದಲ ವಾರ 60ರಿಂದ 90ರ ಒರಟು ಗ್ರಿಟ್, ಆಮೇಲೆ 120ರಿಂದ 220ರದು, ಅನಂತರ 500ರದು, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡಿನ ಪಾಲಿಶ್; ಒಂದು ತಿಂಗಳ ತಾಳ್ಮೆ. ಕಾಠಿಣ್ಯದ ಮಾನದಲ್ಲಿ ಏಳರ ಆಸುಪಾಸಿನಲ್ಲಿರುವ ಅಗೇಟು, ಬೆಣಚುಗಳಿಗೆ ಮಾತ್ರ ಈ ಸಂಸ್ಕಾರ ಸಲ್ಲುತ್ತದೆ. ನಾಲ್ಕೈದರ ಜಿಯೊಲೈಟನ್ನು ಪೀಪಾಯಿಗೆ ಹಾಕುವುದು ಕೊಲೆಗೆ ಸಮಾನ. ಗ್ರಿಟ್ಟಿನ ಕೆಸರನ್ನು ಮೋರಿಗೆ ಸುರಿದರೆ ಅದು ಪೈಪಿನಲ್ಲಿ ಗಟ್ಟಿಯಾಗಿ ಕೂರುವುದರಿಂದ, ಕೆಳಮಹಡಿಯವರ ಸ್ನೇಹವನ್ನು ಬಯಸುವವರು ಅದನ್ನು ಬಕೆಟ್ಟಿನಲ್ಲಿ ಒಣಗಿಸಿ ಕಸಕ್ಕೆ ಹಾಕತಕ್ಕದ್ದು.

ಈಗ ಈ ವಾರದ ಮುಖ್ಯ ವಿಷಯ. ಅಷ್ಟು ದಿನ ಉರುಳಿ ಕನ್ನಡಿಯ ಹೊಳಪನ್ನು ಪಡೆದ ಕಲ್ಲನ್ನು ಉತ್ಸಾಹದಿಂದ ಮೇಜಿನ ಮೇಲಿರಿಸಿ ಚಿತ್ರ ತೆಗೆದರೆ, ಚಿತ್ರದಲ್ಲಿ ಕಲ್ಲೊಂದನ್ನುಳಿದು ಮಿಕ್ಕೆಲ್ಲವೂ ಕಾಣಿಸುತ್ತದೆ: ಮೇಲಿನ ಟ್ಯೂಬ್‌ಲೈಟು, ಕಿಟಕಿಯ ಸರಳು, ಹಗ್ಗದ ಮೇಲೆ ಒಣಗುತ್ತಿರುವ ಬಟ್ಟೆ, ಚಿತ್ರ ತೆಗೆಯುವವನ ಮೂಗು. ಇದಕ್ಕೆ ಕಾರಣ ಸರಳವಾದುದು. ನುಣುಪಾದ ಅಗೇಟು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ಮಾತ್ರ ಮೇಲ್ಮೈಯಿಂದ ಪ್ರತಿಫಲಿಸುವುದಾದರೂ, ಬರಿಯ ದೀಪದ ನಾಲ್ಕೈದು ಪಾಲೆಂದರೆ ಕಲ್ಲಿನ ಒಡಲಿನಿಂದ ಹೊರಸೂಸುವ ವರ್ಣವನ್ನೆಲ್ಲ ನುಂಗಿಬಿಡುವಷ್ಟು ಪ್ರಖರ. ಅಲ್ಲದೆ ಉಬ್ಬುಗನ್ನಡಿಯಂತಿರುವ ಅದರ ಮೈ ಇಡಿಯ ಕೋಣೆಯನ್ನು ಸಂಕ್ಷೇಪಿಸಿ ಅಂಗೈಯಗಲದಲ್ಲಿ ತೋರಿಸುತ್ತದೆ. ಆದುದರಿಂದ ಹೊಳೆಯುವ ಕಲ್ಲಿನ ಚಿತ್ರ ತೆಗೆಯುವುದೆಂದರೆ, ಅದರ ಸುತ್ತ ಏನು ಇರಬೇಕು, ಏನು ಇರಕೂಡದು ಎಂಬುದನ್ನು ನಿರ್ಣಯಿಸುವುದೇ ಆಗಿದೆ. ಬೆಳಕಿನ ಪೆಟ್ಟಿಗೆಯ ಪ್ರಯೋಜನ ಅಷ್ಟೇ: ಕಲ್ಲಿಗೆ ನಮ್ಮ ಕೋಣೆಗಿಂತ ಸಭ್ಯವಾದ ಒಂದು ಕೋಣೆಯನ್ನು ಒದಗಿಸುವುದು.

ಅದನ್ನು ಕಟ್ಟಿಕೊಳ್ಳುವುದು ಯಾರಿಗೂ ಅಸಾಧ್ಯವಲ್ಲ. ಒಂದೂವರೆ ಅಡಿಯ ಗಟ್ಟಿ ರಟ್ಟಿನ ಡಬ್ಬವನ್ನು ಬಾಯಿ ನಮ್ಮ ಕಡೆಗಿರುವಂತೆ ಮಲಗಿಸಿ, ಎಡ, ಬಲ, ಮೇಲಿನ ಮೂರು ಗೋಡೆಗಳಲ್ಲಿ ಎರಡು ಬೆರಳಗಲದ ಅಂಚನ್ನು ಬಿಟ್ಟು ಕಿಟಕಿ ಕತ್ತರಿಸಿ, ಅವಕ್ಕೆ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಕಾಗದದ ಅಂಗಡಿಗಳಲ್ಲಿ ದೊರೆಯುವ ಬಟರ್ ಪೇಪರನ್ನು ಸುಕ್ಕಿಲ್ಲದಂತೆ ಅಂಟಿಸಬೇಕು. ಒಳಗೆ, ಹಿಂಗೋಡೆಯ ಮೇಲಂಚಿನಿಂದ ತಳದವರೆಗೆ ಬಿಳಿಯ ಡ್ರಾಯಿಂಗ್ ಶೀಟೊಂದನ್ನು ಮಡಿಕೆ ಬೀಳದ ಹಾಗೆ ಬಾಗಿಸಿ ಇಳಿಬಿಟ್ಟರೆ ಗೋಡೆಯೂ ನೆಲವೂ ಕೂಡುವ ಗೆರೆ ಮಾಯವಾಗುತ್ತದೆ. ಲೋಹಾರ್ ಚಾಳಿನಿಂದ ಒಂದೇ ಬಗೆಯ, ಒಂದೇ ವರ್ಣದ ಎರಡು ಎಲ್‌ಇಡಿ ಬಲ್ಬುಗಳನ್ನು ತಂದರೆ ಸಾಕು. ಬಣ್ಣವನ್ನು ಯಥಾವತ್ತಾಗಿ ತೋರುವ ಗುಣಕ್ಕೆ ಕೊಡುವ ಸಿಆರ್‌ಐ ಅಂಕ 90ಕ್ಕೆ ಕಡಮೆಯಿರದಂತೆ ಪೆಟ್ಟಿಗೆಯ ಮೇಲೆ ಓದಿಕೊಳ್ಳಬೇಕು. ಕೋಣೆಯ ಇತರ ದೀಪಗಳನ್ನು ಆರಿಸಿ, ಕಿಟಕಿಯ ಪರದೆಯನ್ನು ಎಳೆಯದೆ ಕೆಲಸಕ್ಕೆ ತೊಡಗಿದವರಿಗೆ ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಹಳದಿಯಾದ ಕಲ್ಲು ಪ್ರಾಪ್ತವಾಗುವುದು ನಿಶ್ಚಯ.

ಇಲ್ಲಿಯವರೆಗೆ ಎಲ್ಲರೂ ಒಪ್ಪುವ ಮಾತು. ನನ್ನ ಭಿನ್ನಾಭಿಪ್ರಾಯ ಇಲ್ಲಿಂದ ಮುಂದೆ. ಪೆಟ್ಟಿಗೆ ಸಿದ್ಧವಾದೊಡನೆ ಮೂರು ಕಿಟಕಿಗಳಿಂದಲೂ ಸಮನಾಗಿ ಬೆಳಕು ತುಂಬಿಸಿ, ನೆರಳೆಂಬುದೇ ಇಲ್ಲದ ಚಿತ್ರವನ್ನು ಸಾಧಿಸಿದೆವೆಂದು ಹಿಗ್ಗುವುದು ಈ ಹವ್ಯಾಸದವರಲ್ಲಿ ರೂಢಿಯಾಗಿದೆ. ಅಂಥ ಚಿತ್ರದಲ್ಲಿ ಕಲ್ಲಿಗೆ ಬಣ್ಣವಿರುತ್ತದೆ, ಭಾರವಿರುವುದಿಲ್ಲ. ಅದು ಕಾಗದದ ಮೇಲೆ ಕೂತಿದೆಯೋ ಗಾಳಿಯಲ್ಲಿ ತೇಲುತ್ತಿದೆಯೋ ಹೇಳಲಾಗದು. ದುಂಡನ್ನು ದುಂಡೆಂದು ಕಣ್ಣಿಗೆ ತಿಳಿಸುವುದು ಬೆಳಕಲ್ಲ, ಬೆಳಕಿನಿಂದ ನೆರಳಿಗೆ ಇಳಿಯುವ ಕ್ರಮ. ಅಂಗಡಿಯಲ್ಲಿ ಸಿಗುವ ಮಡಚುವ ಪೆಟ್ಟಿಗೆಗಳಂತೂ ಮೇಲ್ಗಡೆ ಎಲ್‌ಇಡಿ ಪಟ್ಟಿಗಳನ್ನು ಬಿಗಿದಿರುವುದರಿಂದ, ಆ ಚುಕ್ಕೆಗಳ ಸಾಲು ಕಲ್ಲಿನ ನೆತ್ತಿಯ ಮೇಲೆ ಎಣಿಸುವಷ್ಟು ಸ್ಪಷ್ಟವಾಗಿ ಮೂಡುತ್ತದೆ. ಮನೆಯಲ್ಲಿ ಕಟ್ಟಿದ ಪೆಟ್ಟಿಗೆಯ ನಿಜವಾದ ಹೆಚ್ಚುಗಾರಿಕೆ ಅಗ್ಗವಾಗಿರುವುದಲ್ಲ. ಅದರ ಕಿಟಕಿಗಳನ್ನು ನಮ್ಮ ಇಚ್ಛೆಯಂತೆ ಮುಚ್ಚಬಹುದೆಂಬುದು. ಯಾವ ಕಲ್ಲಿಗೆ ಯಾವ ಕಿಟಕಿಯನ್ನು ಮುಚ್ಚಬೇಕೆಂಬ ವಿವೇಕದಲ್ಲಿಯೇ ಈ ಕಲೆಯ ಸಾರವೆಲ್ಲ ಅಡಗಿದೆ.

ಮೆರುಗುಗೊಂಡ ಅಪಾರದರ್ಶಕ ಕಲ್ಲಿಗೆ, ಎಂದರೆ ಜಾಸ್ಪರ್ ಮುಂತಾದವಕ್ಕೆ, ಒಂದು ಪಕ್ಕದ ಕಿಟಕಿಯೇ ಪ್ರಧಾನವಾಗಿರಲಿ; ಎದುರು ಪಕ್ಕದಲ್ಲಿ ದೀಪದ ಬದಲು ಬಿಳಿಯ ಸನ್‌ಬೋರ್ಡಿನ ತುಂಡೊಂದನ್ನು ನಿಲ್ಲಿಸಿ, ಮರಳಿ ಬರುವಷ್ಟು ಬೆಳಕು ಮಾತ್ರ ಬರಲಿ. ದೀಪವನ್ನು ಬಟರ್ ಪೇಪರಿಗೆ ಹತ್ತಿರ ತಂದಂತೆಲ್ಲ ಕಿಟಕಿಯ ನಡುಭಾಗ ಉಜ್ವಲವಾಗಿ ಅಂಚು ಮಸುಕಾಗುವುದರಿಂದ, ಕಲ್ಲಿನ ಮೇಲಿನ ಹೊಳಪೂ ಅಂಚು ಕತ್ತರಿಸಿದ ಚೌಕವಾಗದೆ ಮೆಲ್ಲಗೆ ಕರಗುತ್ತದೆ. ಪೆಟ್ಟಿಗೆಯ ಬಾಯಿಗೆ ಕಪ್ಪು ಕಾರ್ಡ್‌ಶೀಟನ್ನು ಅಡ್ಡಲಾಗಿ ಹಿಡಿಸಿ, ಲೆನ್ಸಿನಷ್ಟೇ ತೂತು ಕೊರೆದರೆ ಚಿತ್ರಗ್ರಾಹಕನ ಮೂಗಿನ ಪ್ರಶ್ನೆಯೂ ಪರಿಹಾರವಾಗುತ್ತದೆ. ಪೋಲರೈಸರ್ ಹಾಕಿದರಾಗದೆ ಎನ್ನುವವರಿದ್ದಾರೆ. ಅದು ಸುಮಾರು 57 ಅಂಶದ ಕೋನದಲ್ಲಿ ಹೊಮ್ಮುವ ಪ್ರತಿಫಲನವನ್ನು ಮಾತ್ರ ಪೂರ್ತಿಯಾಗಿ ತಡೆಯಬಲ್ಲುದಾದುದರಿಂದ, ಎಲ್ಲ ಕೋನಗಳಿಗೂ ಮೈಯೊಡ್ಡಿರುವ ದುಂಡುಗಲ್ಲಿನ ಮೇಲೆ ಅದರ ಉಪಕಾರ ಅಲ್ಪ.

ಬೆಳಕನ್ನು ಒಳಬಿಟ್ಟುಕೊಳ್ಳುವ ಅಗೇಟಿನ ಸೀಳಿಗೂ ಖಂಭಾತಿನ ಕೆಂಪು ಕಾರ್ನೀಲಿಯನ್ನಿಗೂ ಪಕ್ಕದ ಕಿಟಕಿಗಳೆರಡನ್ನೂ ಮುಚ್ಚಿ, ಕೆಳಗಿನಿಂದ ಬೆಳಗಬೇಕು. ಗಾಜಿನ ತುಂಡೊಂದನ್ನು ನಾಲ್ಕು ಬೆರಳೆತ್ತರಕ್ಕೆ ಎತ್ತಿ ನಿಲ್ಲಿಸಿ, ಅದರಡಿಯಲ್ಲಿ ಬಟರ್ ಪೇಪರನ್ನೂ ಅದರಡಿಯಲ್ಲಿ ದೀಪವನ್ನೂ ಇರಿಸಿ, ಕಲ್ಲಿನ ಆಕಾರಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕೊರೆದ ಕಪ್ಪು ಕಾಗದದ ಮೇಲೆ ಕಲ್ಲನ್ನು ಕೂರಿಸಿದರೆ, ಪದರಪದರವಾದ ಅದರ ಅಂತರಂಗವೆಲ್ಲ ಬೆಳಗುತ್ತದೆ. ಬೆಂಗಳೂರಿನಲ್ಲಿ 1948ರಲ್ಲಿ ತಮ್ಮ ಸಂಶೋಧನಾಲಯವನ್ನು ಸ್ಥಾಪಿಸಿದ ಸರ್ ಸಿ. ವಿ. ರಾಮನ್, ಹರಳು ಕಲ್ಲುಗಳನ್ನು ಮಹಾ ಮಮತೆಯಿಂದ ಕೂಡಿಹಾಕಿ, 1950ರ ದಶಕದಲ್ಲಿ ಕಾಮನಬಿಲ್ಲಿನ ವರ್ಣಗಳನ್ನು ಸೂಸುವ ಅಗೇಟನ್ನು ಕುರಿತು ವ್ಯಾಸಂಗ ನಡೆಸಿದುದು ಪ್ರಸಿದ್ಧವಾಗಿದೆ. ಆ ವರ್ಣಗಳು ತೆಳುವಾಗಿ ಸೀಳಿದ ಕಲ್ಲಿನ ಮೂಲಕ ಬೆಳಕು ಹಾದುಬಂದಾಗ ಕಾಣುವಂಥವೇ ಹೊರತು, ಮುಂದಿನಿಂದ ಎಷ್ಟು ದೀಪ ಹಚ್ಚಿದರೂ ಕಾಣುವಂಥವಲ್ಲ.

ಇನ್ನು ಮೆರುಗನ್ನೇ ಕಾಣದ ಬಸಾಲ್ಟಿಗೂ ಜಿಯೊಲೈಟಿಗೂ ಬಟರ್ ಪೇಪರೇ ಬೇಡ. ನೆಲಕ್ಕೆ ಸಮೀಪವಾಗಿ, ಒಂದೇ ಪಕ್ಕದಿಂದ ಓರೆಯಾಗಿ ಹರಿಯುವ ಬರಿಯ ಬೆಳಕು ಬಸಾಲ್ಟಿನ ಪ್ರತಿ ಕುಳಿಯನ್ನೂ ಕೊರೆದು ತೋರಿಸುತ್ತದೆ. ಹತ್ತಿಯುಂಡೆಯಂತಿರುವ ಓಕೆನೈಟ್ ಎಂಬ ಖನಿಜವನ್ನಾದರೋ ಕಪ್ಪು ವೆಲ್ವೆಟ್ಟಿನ ಮೇಲಿಟ್ಟು, ಹಿಂದಿನಿಂದ ಒಂದು ಎಳೆ ಬೆಳಕನ್ನು ಬಿಡಬೇಕು. ಅದರ ನವುರಾದ ತಂತುಗಳನ್ನು ಬೆರಳಿನಿಂದ ಮುಟ್ಟಿದರೆ ಅವು ಮತ್ತೆ ಏಳವು, ಧೂಳನ್ನು ರಬ್ಬರ್ ಬಲ್ಬಿನ ಗಾಳಿಯಿಂದಲೇ ಊದತಕ್ಕದ್ದು.

ಕ್ಯಾಮರಾದ ವಿಷಯ ಸಂಕ್ಷೇಪವಾಗಿ ಹೇಳಬಹುದು. ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್, ಎಫ್ 8ರಿಂದ 11ರವರೆಗಿನ ರಂಧ್ರ. 16ನ್ನು ದಾಟಿದರೆ ಬೆಳಕೇ ಬಾಗಿ ಚಿತ್ರ ಮಸುಕಾಗುತ್ತದೆ. ಬಿಳಿಯ ಹಿನ್ನೆಲೆಯನ್ನು ಕಂಡ ಮೀಟರು ಮೋಸಹೋಗಿ ಎಲ್ಲವನ್ನೂ ಬೂದಿಯಾಗಿಸುವುದರಿಂದ ಒಂದು ಸ್ಟಾಪ್ ಹೆಚ್ಚಿಸಬೇಕು. ಕಪ್ಪು ವೆಲ್ವೆಟ್ಟಿಗೆ ಅಷ್ಟೇ ತಗ್ಗಿಸಬೇಕು. ಕಾರ್ನೀಲಿಯನ್ನಿನ ಕೆಂಪನ್ನು ಆಟೋ ವೈಟ್ ಬ್ಯಾಲೆನ್ಸ್ ದೋಷವೆಂದೆಣಿಸಿ ತಿದ್ದಲು ಹೋಗುವುದಾದ್ದರಿಂದ, ಮೊದಲು ಬೂದುಬಣ್ಣದ ಕಾರ್ಡನ್ನು ತೋರಿಸಿ ಅದನ್ನು ಸ್ಥಿರಪಡಿಸಬೇಕು. ಮೊಬೈಲಿನವರು ಹತ್ತಿರ ನುಗ್ಗದೆ, ದೂರ ನಿಂತು ಜೂಮ್ ಮಾಡಲಿ. ಹತ್ತಿರದಿಂದ ತೆಗೆದ ಕಲ್ಲಿನ ಮುಖ ಊದಿಕೊಂಡಿರುತ್ತದೆ. ಹಳಿಗಳ ಪಕ್ಕದ ಮನೆಗಳಲ್ಲಿರುವ ನಮ್ಮಂಥವರಿಗೆ ಇನ್ನೊಂದು ನಿಯಮವುಂಟು: ಫಾಸ್ಟ್ ಲೋಕಲ್ ಹಾದುಹೋಗುವ ತನಕ ಗುಂಡಿಯನ್ನು ಒತ್ತಕೂಡದು. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟುಕೊಳ್ಳುವುದನ್ನು ಮುಂಬಯಿಯವರಿಗೆ ಯಾರೂ ಕಲಿಸಬೇಕಾದುದಿಲ್ಲ.

ಕೊನೆಯದಾಗಿ ಸತ್ಯದ ಮಾತು. ಒರಟು ಕಲ್ಲನ್ನು ನೀರಿನಲ್ಲಿ ಅದ್ದಿದರೆ ಅದರ ಸೂಕ್ಷ್ಮ ಕುಳಿಗಳೆಲ್ಲ ತುಂಬಿ, ಬೆಳಕು ಚದುರುವುದು ನಿಂತು, ಬಣ್ಣ ಗಾಢವಾಗುತ್ತದೆ. ಮೆರುಗೆಂಬುದು ಅದೇ ಪರಿಣಾಮವನ್ನು ಶಾಶ್ವತಗೊಳಿಸಿದುದು. ಕಲ್ಲನ್ನು ಒದ್ದೆಮಾಡಿ ಚಿತ್ರ ತೆಗೆಯುವುದು ಪಾಪವಲ್ಲ, ಒದ್ದೆಯಾದುದನ್ನು ಮೆರುಗುಗೊಂಡುದೆಂದು ತೋರಿಸುವುದು ಪಾಪ. ಚಿತ್ರದೊಡನೆ ಸೆಂಟಿಮೀಟರಿನ ಅಳತೆಪಟ್ಟಿಯ ಗುರುತು, ಕಲ್ಲು ದೊರೆತ ಊರು, ತಾರೀಖು, ಒಣಗಿದ್ದೋ ಒದ್ದೆಯೋ ಎಂಬ ಟಿಪ್ಪಣಿ, ಇಷ್ಟೂ ಇರಲಿ. ಗಣಿ ಮುಚ್ಚಿ ಅದರ ಮೇಲೆ ಮಹಡಿ ಏಳುವ ಈ ನಗರದಲ್ಲಿ, ಊರಿನ ಹೆಸರಿಲ್ಲದ ಕಲ್ಲಿನ ಚಿತ್ರ ಕೇವಲ ಅಲಂಕಾರ, ಹೆಸರಿರುವುದು ದಾಖಲೆ.

ಈ ಹವ್ಯಾಸಕ್ಕೆ ಹೊಸಬರಾದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಎರಡು ಬಲ್ಬುಗಳನ್ನು ಕೊಂಡಿರಾದರೂ ಎರಡನೆಯದನ್ನು ಕೆಲಕಾಲ ಕಪಾಟಿನಲ್ಲೇ ಇಡಿರಿ. ಒಂದೇ ದೀಪದಲ್ಲಿ, ಒಂದೊಂದೇ ಕಿಟಕಿಯನ್ನು ಮುಚ್ಚಿ ತೆರೆದು, ಒಂದೇ ಕಲ್ಲನ್ನು ಮತ್ತೆ ಮತ್ತೆ ನೋಡಿರಿ. ಅದರ ನೆರಳು ಎಲ್ಲಿ ಬಿದ್ದರೆ ಕಲ್ಲು ಕಲ್ಲಾಗಿ ಕಾಣುವುದೆಂಬುದು ನಿಮಗೇ ಹೊಳೆದ ದಿನ ಎರಡನೆಯದನ್ನು ಹಚ್ಚಿಕೊಳ್ಳಿರಿ. ಅಂದು ಅದು ಅಗತ್ಯವಿಲ್ಲವೆಂದು ತೋರಿದರೂ ಆಶ್ಚರ್ಯವಿಲ್ಲ.